ರತ್ನಮ್ಮನವರ ದನಿಯೂ ಒಂದು ಹಳೆಯ ಡೆಕ್ಕೂ

2023ರ ಬೇಸಿಗೆ. ದೊಡ್ಡಬಳ್ಳಾಪುರದ ಹಳೇ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನನ್ನ ರಿಪೇರಿ ಅಂಗಡಿ ಆಗಲೂ ಇತ್ತು, ಈಗಲೂ ಇದೆ. ಬೋರ್ಡಿನ ಮೇಲೆ ‘ರೇಡಿಯೋ, ಟೇಪ್ ರೆಕಾರ್ಡರ್, ಟಿ.ವಿ.’ ಎಂದು ಬರೆದಿದೆ. ಒಳಗೆ ಬರುವುದು ಮಿಕ್ಸಿ, ಸೊಳ್ಳೆ ಬ್ಯಾಟು, ಇಂಡಕ್ಷನ್ ಒಲೆ. ಹಳೆಯ ಬೋರ್ಡಿನ ಮೇಲೆ ನನಗೆ ಮಮಕಾರವೇನೂ ಇಲ್ಲ; ಹೊಸದು ಬರೆಯುವವನ ಜೊತೆ ದರ ಕುದುರಲಿಲ್ಲ, ಅಷ್ಟೆ.

ಆ ಹೊತ್ತಿಗೆ ನನಗೆ ಕೆಲಸ ಸಾಕಾಗಿತ್ತು. ಬೆನ್ನು ಬಗ್ಗಿದರೆ ಏಳುತ್ತಿರಲಿಲ್ಲ, ಸಣ್ಣ ತಿರುಪು ಕಾಣಬೇಕಾದರೆ ಕನ್ನಡಕದ ಮೇಲೆ ಇನ್ನೊಂದು ಭೂತಗನ್ನಡಿ ಹಿಡಿಯಬೇಕಾಗಿತ್ತು. ನಾನು ವಿಜಯಪುರದ ಕಡೆಯ ಹಳ್ಳಿಯವನು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಕೈಕೊಟ್ಟ ಮೇಲೆ ಬೆಂಗಳೂರಿನ ಒಂದು ರೇಡಿಯೋ ಅಂಗಡಿಯ ಮೆಟ್ಟಿಲ ಮೇಲೆ ಕುಳಿತು ಕಣ್ಣಿನಿಂದಲೇ ಕೆಲಸ ಕದ್ದವನು. ಯಾರೂ ಕರೆದು ಕಲಿಸಲಿಲ್ಲ. ಹಾಗಾಗಿ ಯಾರಾದರೂ ಕೇಳದಿದ್ದರೂ ನಾನು ಬುದ್ಧಿ ಹೇಳುತ್ತೇನೆ; ಈ ಬರಹದಲ್ಲೂ ಹೇಳುತ್ತೇನೆ, ಓದುಗರು ಸಹಿಸಿಕೊಳ್ಳಬೇಕು.

ಒಂದು ಬೆಳಿಗ್ಗೆ ಸುಜಾತ ಎಂಬ ಹೆಣ್ಣುಮಗಳು ಆಟೋದಿಂದ ಇಳಿದು, ಹಳೆಯ ಸೀರೆಯಲ್ಲಿ ಸುತ್ತಿದ ಭಾರದ ಪೆಟ್ಟಿಗೆಯೊಂದನ್ನು ನನ್ನ ಮೇಜಿನ ಮೇಲೆ ಇಟ್ಟಳು. ಬಿಚ್ಚಿದರೆ ಕ್ಯಾಸೆಟ್ ಡೆಕ್ಕು. ಟೇಪ್ ರೆಕಾರ್ಡರಿಗೂ ಡೆಕ್ಕಿಗೂ ವ್ಯತ್ಯಾಸವಿದೆ: ಡೆಕ್ಕಿಗೆ ತನ್ನದೇ ಸ್ಪೀಕರ್ ಇರುವುದಿಲ್ಲ. ಅದು ಓದುತ್ತದೆ, ಬರೆಯುತ್ತದೆ. ಕೂಗುವುದಕ್ಕೆ ಆಂಪ್ಲಿಫೈಯರ್ ಬೇಕು. ಇದು ಎಂಬತ್ತರ ದಶಕದ ಮಾಲು. ಬೆಳ್ಳಿ ಬಣ್ಣದ ಮುಖ, ಎರಡು ಮುಳ್ಳಿನ ಮೀಟರು, ಮುಂದೆ ಮೈಕು ಚುಚ್ಚಲು ತೂತು. ಅಂಥದ್ದನ್ನು ಕಂಡು ಎಷ್ಟೋ ವರ್ಷವಾಗಿತ್ತು. ಒಳಗೊಳಗೇ ಖುಷಿಯಾಯಿತು, ಮುಖದಲ್ಲಿ ತೋರಿಸಲಿಲ್ಲ. ಗಿರಾಕಿಯ ಮುಂದೆ ವಸ್ತುವನ್ನು ಹೊಗಳಿದರೆ ಕೂಲಿ ಇಳಿಯುತ್ತದೆ.

“ಅಣ್ಣಾ, ಇದು ಆಡ್ಬೇಕು. ಮಗಳ ಮದ್ವೆ ಹತ್ರ ಬಂತು,” ಎಂದಳು.

“ಮದ್ವೆಗೆ ಡಿ.ಜೆ. ಇಡ್ಸಮ್ಮ. ಇದನ್ಯಾಕೆ ಎಬ್ಬಿಸ್ತೀಯಾ, ಮಲ್ಗಿರ್ಲಿ ಬಿಡು.”

“ಡಿ.ಜೆ.ಗೆ ನಮ್ಮತ್ತೆ ಹಾಡು ಬರ್ತದಾ?”

ಅವಳ ಅತ್ತೆ ರತ್ನಮ್ಮ. ನೇಕಾರರ ಬೀದಿಯಲ್ಲಿ ಹೆಸರು ಹೇಳಿದರೆ ಸಾಕು, ಮನೆ ತೋರಿಸುತ್ತಿದ್ದರು. ಆ ಕೇರಿಯಲ್ಲಿ ಯಾವ ಮದುವೆಯೇ ಆಗಲಿ, ಹಸೆಗೆ ಕರೆಯುವ ಹಾಡು, ಅರಿಸಿನ ಹಚ್ಚುವ ಹಾಡು, ಬೀಗರನ್ನು ಹಂಗಿಸಿ ನೀರಿಳಿಸುವ ಹಾಡು ಎಲ್ಲ ಅವರದ್ದೇ. ಹಿಂದಿನ ವರ್ಷ ಗಂಟಲಿನ ಕ್ಯಾನ್ಸರಿಗೆ ಆಪರೇಷನ್ ಆಗಿ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದ್ದರು. ಜೀವ ಉಳಿಯಿತು, ದನಿ ಹೋಯಿತು. ಈಗ ಮೊಮ್ಮಗಳ ಮದುವೆ. ಹಾಡುವವರಿಲ್ಲ. ಸುಜಾತಳಿಗೆ ಅಲ್ಲೊಂದು ಇಲ್ಲೊಂದು ಸಾಲು ಬರುತ್ತದೆಯೇ ಹೊರತು ಹಾಡು ಪೂರ್ತಿ ಬಾರದು. ಬಾಯಿಲ್ಲದ ಅತ್ತೆ ಕಲಿಸುವುದಾದರೂ ಹೇಗೆ?

ಉಳಿದಿದ್ದು ಒಂದು ಕ್ಯಾಸೆಟ್. ರತ್ನಮ್ಮ ಗಟ್ಟಿಮುಟ್ಟಾಗಿದ್ದ ಕಾಲದಲ್ಲಿ ಇದೇ ಡೆಕ್ಕಿನಲ್ಲಿ ಮನೆಯವರು ತುಂಬಿಸಿಕೊಂಡಿದ್ದ ಹಾಡುಗಳು. ಡೆಕ್ಕು ಕೆಟ್ಟು ಅಟ್ಟ ಸೇರಿದ ಮೇಲೆ ಕ್ಯಾಸೆಟ್ ಸಕ್ಕರೆ ಡಬ್ಬಿಯ ಹಿಂದೆ ಉಳಿದಿತ್ತು. ಅದನ್ನು ಪೆನ್‌ಡ್ರೈವಿಗೆ ಹಾಕಿಸೋಣವೆಂದು ಬೆಂಗಳೂರಿನ ಒಂದು ಅಂಗಡಿಗೆ ಒಯ್ದಿದ್ದರಂತೆ.

“ಹಾಕ್ಕೊಟ್ರು. ಕೇಳಿದ್ರೆ ಯಾರೋ ಗಂಡಸು ನಿದ್ದೆಗಣ್ಣಲ್ಲಿ ಹಾಡ್ದಂಗೈತೆ. ಟೇಪು ಸತ್ತೋಗಿದೆ ಅಂದ್ರು. ನಮ್ಮತ್ತೆ ಅವತ್ತು ಊಟ ಮಾಡ್ಲಿಲ್ಲ. ಆಮೇಲಿಂದ ಆ ಕ್ಯಾಸೆಟ್ಟು ಹೊಸ್ಲು ದಾಟಕ್ಕೆ ಬಿಟ್ಟಿಲ್ಲ. ನಮ್ ಡೆಕ್ಕಲ್ಲೇ ಹಾಕಿ ನೋಡ್ಬೇಕು ಅಂತ ಒಂದೇ ಹಟ.”

ಟೇಪು ಸತ್ತಿದ್ದರೆ ಡೆಕ್ಕು ಬದುಕಿಸಿ ಏನು ಫಲ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಬಿಚ್ಚಿ ನೋಡುವವರೆಗೆ ದರ ಹೇಳುವುದಿಲ್ಲ, ಆಡುತ್ತದೆ ಎಂದು ಮಾತೂ ಕೊಡುವುದಿಲ್ಲ ಎಂದು ಹೇಳಿ ಇಟ್ಟುಕೊಂಡೆ. ಈ ಕಸುಬಿಗೆ ಬರುವ ಹುಡುಗರು ಇದೊಂದನ್ನು ನೆನಪಿಡಿ. ಮುಚ್ಚಿದ ಪೆಟ್ಟಿಗೆಗೆ ದರ ಹೇಳಿದವನು ಒಂದೋ ಗಿರಾಕಿಗೆ ಮೋಸ ಮಾಡುತ್ತಾನೆ, ಇಲ್ಲವೇ ತನಗೇ ಮಾಡಿಕೊಳ್ಳುತ್ತಾನೆ.

ಮಧ್ಯಾಹ್ನ ಮುಚ್ಚಳ ತೆಗೆದೆ. ಮೊದಲು ಕಂಡದ್ದು ಹತ್ತಿಯ ಹಾಗೆ ಕೂತಿದ್ದ ಆರ್ಟ್ ಸಿಲ್ಕಿನ, ಎಂದರೆ ಕೃತಕ ರೇಷ್ಮೆಯ, ಎಳೆದೂಳು. ಮಗ್ಗದ ಮನೆಯಲ್ಲಿ ಅನ್ನದ ತಪ್ಪಲೆಯೊಳಗೂ ಅದು ಇರುತ್ತದೆ, ಡೆಕ್ಕನ್ನು ಬಿಟ್ಟೀತೇ? ಅದರ ಕೆಳಗೆ ಕುಂಕುಮ. ಆಯುಧಪೂಜೆಗೆ ಮಗ್ಗದ ಜೊತೆ ಇದಕ್ಕೂ ಪ್ರತಿವರ್ಷ ಪೂಜೆ ಆಗಿದೆ. ಇಟ್ಟ ಕುಂಕುಮ ಸಂದಿಯಿಂದ ಇಳಿದು ಹೆಡ್ಡಿನ ಮೇಲೆ ಕೂತಿದೆ. ಹೆಡ್ ಎಂದರೆ ಟೇಪನ್ನು ಓದುವ ಪುಟ್ಟ ಲೋಹದ ತುಂಡು. ಕನ್ನಡಿಯ ಹಾಗೆ ಹೊಳೆಯಬೇಕಾದದ್ದು ಮುತ್ತೈದೆಯ ಹಣೆಯ ಹಾಗಿತ್ತು.

ಎಲ್ಲಕ್ಕಿಂತ ಕೆಟ್ಟದ್ದು ಎಣ್ಣೆ. ಮಗ್ಗದವರಿಗೆ ಒಂದು ನಂಬಿಕೆ ಇದೆ: ತಿರುಗುವುದಕ್ಕೆಲ್ಲ ಎಣ್ಣೆ ಬಿಡಬೇಕು. ಬೆಳಗೆದ್ದು ಮಗ್ಗಕ್ಕೆ ಎಣ್ಣೆ ಬಿಡುವ ಕೈ, ಫ್ಯಾನಿಗೂ ಬಿಡುತ್ತದೆ, ಹೊಲಿಗೆ ಯಂತ್ರಕ್ಕೂ ಬಿಡುತ್ತದೆ, ಡೆಕ್ಕಿಗೂ ಬಿಟ್ಟಿದೆ. ಕಬ್ಬಿಣಕ್ಕೆ ಅಮೃತವಾದದ್ದು ರಬ್ಬರಿಗೆ ವಿಷ. ಬೆಲ್ಟು ಕರಗಿ ಡಾಂಬರಾಗಿತ್ತು. ಟೇಪನ್ನು ಒತ್ತಿ ಎಳೆಯುವ ರಬ್ಬರ್ ಉರುಳೆ, ನಮ್ಮ ಭಾಷೆಯಲ್ಲಿ ಪಿಂಚ್ ರೋಲರ್, ಊದಿ ನೇರಳೆ ಹಣ್ಣಿನಂತಾಗಿತ್ತು. ಮೋಟರಿನ ಪುಲ್ಲಿ, ಎಂದರೆ ಬೆಲ್ಟು ಕೂರುವ ಪುಟ್ಟ ಗಾಲಿ, ಕಾಣುತ್ತಲೇ ಇರಲಿಲ್ಲ. ಅದರ ಸುತ್ತ ಡಾಂಬರು, ಎಳೆದೂಳು, ಏನೋ ಅಂಟು ಎಲ್ಲ ಸೇರಿ ದಪ್ಪ ಗಂಟು ಕಟ್ಟಿತ್ತು.

ಹೆಡ್ಡು, ಟೇಪಿನ ದಾರಿ, ಗಾಲಿಗಳು ಎಲ್ಲವನ್ನೂ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದೆ. ಹತ್ತಿ ಕೆಂಪಗೆ, ಆಮೇಲೆ ಕಪ್ಪಗೆ ಬಂತು. ಪುಲ್ಲಿಯ ಗಂಟು ಒರೆಸಿದರೆ ಬಿಡಲಿಲ್ಲ. ಬ್ಲೇಡಿನಿಂದ ಕೆರೆದೆ. ಸುರುಳಿ ಸುರುಳಿಯಾಗಿ ಎದ್ದು ಬಂತು, ಕೆಳಗೆ ಹಿತ್ತಾಳೆ ಹೊಳೆಯಿತು. ಕೆರೆದದ್ದನ್ನು ಕಾಗದದಲ್ಲಿ ಮುದುರಿ ಬುಟ್ಟಿಗೆ ಎಸೆದೆ. ಬೆನ್ನು ನೆಟ್ಟಗೆ ಮಾಡಿಕೊಂಡು ಒಂದು ಟೀ ಕುಡಿದೆ.

ಬೆಲ್ಟು ಹೊಸದು ಸಿಗುತ್ತದೆ. ಪಿಂಚ್ ರೋಲರ್ ಸಿಗುವುದಿಲ್ಲ, ಸತ್ತ ಡೆಕ್ಕಿನಿಂದಲೇ ಕಿತ್ತು ತರಬೇಕು. ನೆಲಮಂಗಲದಲ್ಲಿ ಹೆದ್ದಾರಿ ಪಕ್ಕ ಅನ್ವರ್ ಭಾಯ್ ಎಂಬ ಗುಜರಿ ವ್ಯಾಪಾರಿ ಇದ್ದಾರೆ. ಅವರಲ್ಲಿಗೆ ಹೋದರೆ ಬೇಕಾದದ್ದನ್ನು ಮೊದಲು ಕೇಳಬಾರದು. ನಾನು ಒಂದು ಟ್ರಾನ್ಸ್‌ಫಾರ್ಮರ್ ಎತ್ತಿ ನೋಡಿದೆ, ಇಟ್ಟೆ. ಒಂದು ಫ್ಯಾನಿನ ಮೋಟರ್ ತಿರುಗಿಸಿದೆ, ಇಟ್ಟೆ. ಹೊರಡುವವನ ಹಾಗೆ ಬಾಗಿಲಿಗೆ ಬಂದು, ಕಾಲಿಗೆ ತೊಡರಿದ ಒಂದು ಮುರಿದ ಡೆಕ್ಕನ್ನು ತೋರಿಸಿ, “ಇದ್ಯಾಕೆ ಭಾಯ್ ದಾರೀಲಿ ಇಟ್ಟಿದೀರಾ, ಯಾರಾದ್ರೂ ಬಿದ್ದಾರು,” ಎಂದೆ.

ಅನ್ವರ್ ಭಾಯ್ ನಕ್ಕರು. “ನಂಜುಂಡಣ್ಣಾ, ನೀವು ಬರ್ತಿರೋದು ದೂರದಿಂದ ನೋಡಿ ನಾನೇ ಅದನ್ನ ಬಾಗಿಲಿಗೆ ತಂದಿಟ್ಟೆ. ಟ್ರಾನ್ಸ್‌ಫಾರ್ಮರ್ ನೋಡೋ ನಾಟಕ ಎಷ್ಟ್ ವರ್ಷ ಆಡ್ತೀರಾ? ನಂಗೂ ವಯಸ್ಸಾಯ್ತು, ನಿಮ್ಗೂ ಆಯ್ತು. ತಗೊಂಡೋಗಿ.”

ವ್ಯಾಪಾರದಲ್ಲಿ ಸೋತಾಗ ಟೀ ಆದರೂ ಅವರ ಲೆಕ್ಕಕ್ಕೆ ಕುಡಿದು ಬರಬೇಕು. ಕುಡಿದು ಬಂದೆ.

ರೋಲರ್ ಕೂತಿತು, ಬೆಲ್ಟು ಕೂತಿತು. ಬೆಲ್ಟಿಗೆ ಹಿತ್ತಾಳೆ ಪುಲ್ಲಿ ಒಳ್ಳೆಯ ಹಿಡಿತ ಕೊಟ್ಟಿತು. ಒಣಗಿದ್ದ ಎರಡು ಕೆಪಾಸಿಟರ್ ಬದಲಿಸಿದೆ. ಇನ್ನು ಅಳತೆ. ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು, ಇದು ಲೋಕಕ್ಕೆಲ್ಲ ಒಂದೇ ಕಾನೂನು. ಅದನ್ನು ನೋಡಲು ನನ್ನ ಹತ್ತಿರ ಒಂದು ಅಳತೆಯ ಕ್ಯಾಸೆಟ್ ಇದೆ. ಅದರಲ್ಲಿ ‘ಕುಯ್’ ಎಂಬ ಒಂದೇ ಶ್ರುತಿ, 3000 ಹರ್ಟ್ಸ್. ನನ್ನ ಅಳತೆಯ ಮೀಟರಿನಲ್ಲಿ ಆ ಅಂಕಿ ಬಂದರೆ ವೇಗ ಸರಿ. ಮೋಟರಿನ ಬೆನ್ನಿಗೆ ಒಂದು ಸಣ್ಣ ತೂತಿರುತ್ತದೆ. ಅದರೊಳಗಿನ ತಿರುಪನ್ನು ಕೂದಲಷ್ಟು ತಿರುಗಿಸಿದರೆ ವೇಗ ಹೆಚ್ಚು ಕಡಿಮೆ ಆಗುತ್ತದೆ. ತಿರುಗಿಸಿದೆ. ಅಂಕಿ ಬಂದು ನಿಂತಿತು. ನನ್ನ ಹತ್ತಿರ ಇದ್ದ ಹಳೆಯ ಭಾವಗೀತೆಯ ಕ್ಯಾಸೆಟ್ ಹಾಕಿದರೆ ತಂಬೂರಿಯ ತಂತಿ ಎಣಿಸಬಹುದಾದಷ್ಟು ಸ್ಪಷ್ಟ. ಇಷ್ಟು ಚೆನ್ನಾಗಿ ಒಂದು ಕೆಲಸ ಮಾಡಿ ಬಹಳ ಕಾಲವಾಗಿತ್ತು. ಆದರೂ ಸಂತೋಷಕ್ಕಿಂತ ಹೆಚ್ಚಾಗಿ, ಒಂದು ಮುಗಿಯಿತು ಎನ್ನಿಸಿತು.

ಮರುದಿನ ಡೆಕ್ಕು, ನನ್ನದೊಂದು ಆಂಪ್ಲಿಫೈಯರ್, ಒಂದು ಸ್ಪೀಕರ್ ಪೆಟ್ಟಿಗೆ ಹೊತ್ತುಕೊಂಡು ಅವರ ಮನೆಗೇ ಹೋದೆ. ಕ್ಯಾಸೆಟ್ ಹೊಸ್ತಿಲು ದಾಟುವುದಿಲ್ಲವಲ್ಲ. ಮುಂದೆ ಮನೆ, ಒಂದೇ ಗೋಡೆಯ ಆಚೆ ಮಗ್ಗದ ಶೆಡ್ಡು. ನಡುಮನೆಯ ಚಾಪೆಯ ಮೇಲೆ ರತ್ನಮ್ಮ ಕೂತಿದ್ದರು. ಕುತ್ತಿಗೆಯ ಸುತ್ತ ತೆಳುವಾದ ಬಿಳಿ ಬಟ್ಟೆ. ಪಕ್ಕದಲ್ಲಿ ಒಂದು ಸ್ಟೀಲಿನ ಲೋಟ. ಅವರಿಗೆ ಯಾರನ್ನಾದರೂ ಕರೆಯಬೇಕಾದರೆ ಲೋಟವನ್ನು ನೆಲಕ್ಕೆ ಕುಟ್ಟುತ್ತಾರೆ. ಅವರ ಯಜಮಾನರು ವೆಂಕಟರಾಮಪ್ಪನವರಿಗೆ ಬಾಳೆಲ್ಲ ಪವರ್‌ಲೂಮಿನ ಸದ್ದಿನಲ್ಲಿ ನಿಂತು ಕಿವಿ ಹೋಗಿತ್ತು. ಲೋಟದ ಸದ್ದು ಅವರಿಗೆ ಕೇಳಿಸುವುದಿಲ್ಲ, ನೆಲದ ಅದುರು ಕಾಲಿಗೆ ತಿಳಿಯುತ್ತದೆ. ಸಂಸಾರ ಹಾಗೆ ನಡೆದಿತ್ತು.

“ಏನಪ್ಪಾ, ನಮ್ ಡೆಕ್ಕು ಬದುಕ್ತಾ?” ಎಂದು ಬೀದಿಗೆಲ್ಲ ಕೇಳುವಂತೆ ಕೇಳಿದರು. ಕಿವುಡರಾದವರ ಗಂಟಲು ಹಾಗೇ. “ಇದನ್ನ ಗಲ್ಫಿಂದ ಬಂದವನ ಹತ್ರ ತಗೊಂಡಿದ್ದು. ದುಡ್ಡಿಗಲ್ಲ, ಸೀರೆಗೆ! ಅವನ್ ತಂಗಿ ಮದ್ವೆಗೆ ಎಲ್ಲಾ ಸೀರೆ ನಂದೇ!”

ವ್ಯಾಪಾರ ಚೆನ್ನಾಗಿದೆ ಎಂದು ಕೈಸನ್ನೆ ಮಾಡಿದೆ. ನಿಜಕ್ಕೂ ಚೆನ್ನಾಗಿತ್ತು.

ರತ್ನಮ್ಮ ಸೆರಗಿನಲ್ಲಿ ಒರೆಸಿ ಕ್ಯಾಸೆಟ್ ಕೊಟ್ಟರು. ಹಾಕಿದೆ, ಗುಂಡಿ ಒತ್ತಿದೆ. ಮೀಟರಿನ ಮುಳ್ಳು ಎದ್ದಿತು. ಸ್ಪೀಕರಿನಿಂದ ದಪ್ಪನೆಯ, ಎಳೆದಾಡುವ ಒಂದು ಗಂಡು ದನಿ ಬಂತು. ನೀರಿನಡಿಯಿಂದ ಯಾರೋ ಹಾಡಿದ ಹಾಗೆ. ನಡುವೆ ಹಾಡು ನಿಂತು, ಎಮ್ಮೆ ಗೊಣಗಿದಂಥ ಏನೋ ಮಾತು, ಮತ್ತೆ ಹಾಡು. ಹಿಂದೆ ದಡಕ್, ದಡಕ್ ಎಂಬ ಒಂದು ಮಂದ ಸದ್ದು.

ರತ್ನಮ್ಮ ಸ್ವಲ್ಪ ಹೊತ್ತು ಕೇಳಿದರು. ಆಮೇಲೆ ತಮ್ಮ ಎದೆ ಮುಟ್ಟಿಕೊಂಡು, ಬೆರಳನ್ನು ಅತ್ತ ಇತ್ತ ಅಲ್ಲಾಡಿಸಿದರು. ನಾನಲ್ಲ. ಎದ್ದು ಅಡುಗೆಮನೆಗೆ ಹೋಗಿಬಿಟ್ಟರು.

“ಬೆಂಗ್ಳೂರಲ್ಲೂ ಹಿಂಗೇ ಬಂದಿದ್ದು ಅಣ್ಣಾ,” ಎಂದಳು ಸುಜಾತ. “ಸತ್ತೇ ಹೋಗಿದೆ ಬಿಡಿ. ನಿಮ್ದೇನೂ ತಪ್ಪಿಲ್ಲ.”

ಅಲ್ಲಿಗೆ ನನ್ನ ಕೆಲಸ ಮುಗಿದಿತ್ತು. ಯಂತ್ರ ಕೊಟ್ಟಿದ್ದರು, ಯಂತ್ರ ಸರಿ ಮಾಡಿದ್ದೆ; ಅಳತೆಯ ಕ್ಯಾಸೆಟ್ಟೇ ಸಾಕ್ಷಿ. ಕೂಲಿ ಇಸಿದುಕೊಂಡು ಹೊರಡಬಹುದಿತ್ತು. ಬೆನ್ನು ಬೇರೆ ನೋಯುತ್ತಿತ್ತು. ಆದರೆ ಒಂದು ಸಂಗತಿ ಕೊರೆಯಿತು. ಹಳೆಯ ಟೇಪು ಹೇಗೆ ಕೆಡುತ್ತದೆಂದು ನನಗೆ ಗೊತ್ತು. ಶ್ಶ್ ಎಂಬ ಸದ್ದು ಬರುತ್ತದೆ, ದನಿ ಮಸುಕಾಗುತ್ತದೆ, ಅಲ್ಲಲ್ಲಿ ಹಾರುತ್ತದೆ, ಬೂಷ್ಟು ಹಿಡಿಯುತ್ತದೆ. ಆದರೆ ಮೊದಲಿನಿಂದ ಕೊನೆಯವರೆಗೂ ಒಂದೇ ಸಮನೆ ಹೆಂಗಸನ್ನು ಗಂಡಸು ಮಾಡುವುದಿಲ್ಲ. ಇದು ಕೆಟ್ಟದ್ದಲ್ಲ. ಇದು ವೇಗದ ಲೆಕ್ಕ. ಟೇಪು ವೇಗವಾಗಿ ಓಡುತ್ತಿರುವಾಗ ತುಂಬಿಸಿದ ಹಾಡನ್ನು ಸಾಮಾನ್ಯ ವೇಗದಲ್ಲಿ ಆಡಿಸಿದರೆ ಹೀಗೆ ದಪ್ಪಗೆ, ನಿಧಾನವಾಗಿ ಬರುತ್ತದೆ.

“ಸುಜಾತ, ಇದು ಆಡ್ತಿದ್ದ ಕಾಲ್ದಲ್ಲಿ ಅಂಗಡಿ ಕ್ಯಾಸೆಟ್ಟು, ಸಿನಿಮಾ ಹಾಡು ಹಾಕ್ತಿದ್ರಾ?”

“ನಾನು ಮದ್ವೆಯಾಗಿ ಬಂದ ಹೊಸ್ತರಲ್ಲಿ ಹಾಕ್ದೆ ಒಂದ್ಸಲ. ಹಾಡೋರಿಗೆಲ್ಲ ಬಸ್ಸು ತಪ್ಪೋಗೋ ಅವಸರ. ಚೆನ್ನಾಗಿರ್ಲಿಲ್ಲ, ಬಿಟ್ಬಿಟ್ಟೆ. ಅತ್ತೆ ಕ್ಯಾಸೆಟ್ಟು ಮಾತ್ರ ಚೆನ್ನಾಗಿ ಬರ್ತಿತ್ತು.”

ವೆಂಕಟರಾಮಪ್ಪನವರು ನಮ್ಮ ಮುಖ ನೋಡುತ್ತಿದ್ದರು. ಏನು ಮಾತು ಎಂದು ಸನ್ನೆಯಲ್ಲಿ ಕೇಳಿದರು. ಸುಜಾತ ಕ್ಯಾಸೆಟ್ ತೋರಿಸಿ ಕಿವಿಯ ಹತ್ತಿರ ಕೂಗಿದಳು. ಅವರಿಗೆ ಹಳೆಯ ಸಿಟ್ಟು ನೆನಪಾಯಿತು.

“ಕ್ಯಾಸೆಟ್ ಅಂಗ್ಡಿಯೋರು ಎಲ್ಲಾ ಕಳ್ರು ಕಣಪ್ಪಾ! ಒಂದು ಗಂಟೆದು ಅಂತ ಕೊಡೋರು, ಮುಕ್ಕಾಲು ಗಂಟೆಗೇ ಮುಗ್ದೋಗೋದು! ಟೇಪು ಕತ್ತರಿಸ್ಕೊಂಡು ಮಾರ್ತಿದ್ರು!”

ಯಾರೂ ಕತ್ತರಿಸಿರಲಿಲ್ಲ. ಈ ಡೆಕ್ಕು ಅಷ್ಟು ವೇಗವಾಗಿ ಓಡುತ್ತಿತ್ತು. ಹಾಗಾದರೆ ನನ್ನ ಮೇಜಿಗೆ ಬಂದಾಗ ಅದರಲ್ಲಿ ಆ ವೇಗ ಎಲ್ಲಿತ್ತು? ಆಗ ಪುಲ್ಲಿಯ ಆ ಗಂಟು ಕಣ್ಣ ಮುಂದೆ ಬಂತು. ಸುರುಳಿ ಸುರುಳಿಯಾಗಿ ಎದ್ದದ್ದು. ಕಸ ಸುರುಳಿಯಾಗಿ ಏಳುವುದಿಲ್ಲ. ಸುತ್ತಿದ್ದು ಮಾತ್ರ ಹಾಗೆ ಏಳುತ್ತದೆ. ಮೋಟರಿನ ಪುಲ್ಲಿ ದಪ್ಪವಾದಷ್ಟೂ ಬೆಲ್ಟು ವೇಗವಾಗಿ ಓಡುತ್ತದೆ, ಬೆಲ್ಟಿನ ಹಿಂದೆ ಟೇಪೂ ಓಡುತ್ತದೆ.

ಡೆಕ್ಕಿನ ಮುಚ್ಚಳ ತೆಗೆದು, ಪುಲ್ಲಿ ತೋರಿಸಿ, ಬೆರಳನ್ನು ಅದರ ಸುತ್ತ ತಿರುಗಿಸಿ ಯಜಮಾನರ ಮುಖ ನೋಡಿದೆ.

“ಓ, ನೂಲು! ನಾನೇ ಸುತ್ತಿದ್ದು! ಬೆಲ್ಟ್ ಪಟ್ಟಿ ಜಾರ್ತಿತ್ತು. ಗೋಂದು ಹಚ್ಚಿ ನೂಲು ಬಿಗ್ದೆ, ಮಗ್ಗದ ಪುಲ್ಲಿ ಸವೆದ್ರೂ ನಾವು ಹಂಗೇ ಮಾಡ್ತಿದ್ದಿದ್ದು. ಆವತ್ತಿಂದ ಒಂದ್ಸಲ ಜಾರ್ಲಿಲ್ಲ ನೋಡು!” ಎಂದರು. ಬಗ್ಗಿ ನೋಡಿದವರ ಮುಖ ಸಪ್ಪಗಾಯಿತು. “ಎಲ್ಲೋಯ್ತು?”

ಸುಜಾತ ನನ್ನ ಕಡೆ ನೋಡಿದಳು. “ಬುಟ್ಟಿಗೆ ಹೋಯ್ತು,” ಎಂದೆ. ಬುಟ್ಟಿಯನ್ನು ಅಂದು ಬೆಳಿಗ್ಗೆಯೇ ನಗರಸಭೆಯ ಗಾಡಿಗೆ ಸುರಿದಾಗಿತ್ತು.

ಫೋನಿನಲ್ಲೇ ವೇಗ ಬದಲಾಯಿಸಬಹುದಲ್ಲ ಎಂದು ಓದುವವರಲ್ಲಿ ಕೆಲವರು ಈಗಾಗಲೇ ಅಂದುಕೊಂಡಿರುತ್ತಾರೆ. ಬಹುದು. ಆದರೆ ಎಷ್ಟು? ಸ್ವಲ್ಪ ಏರಿಸಿದರೆ ರತ್ನಮ್ಮನ ಅಕ್ಕನಂತೆ, ಹೆಚ್ಚು ಏರಿಸಿದರೆ ಮಗಳಂತೆ ಕೇಳುತ್ತದೆ. ಸರಿಯಾದ ಜಾಗ ಯಾವುದೆಂದು ಹೇಳುವವರು ಯಾರು? ಹಾಡಿದವರಿಗೆ ಹಾಡಿ ತೋರಿಸಲು ದನಿಯಿಲ್ಲ. ಒಂದು ಸಲ ‘ನಾನಲ್ಲ’ ಎಂದು ಎದ್ದು ಹೋದವರನ್ನು ಹತ್ತು ಸಲ ಕರೆದು ಇದು ನೀವೇನಾ, ಇದು ನೀವೇನಾ ಎಂದು ಕೇಳುವುದು ಹಿಂಸೆ. ಸುತ್ತಿದವರನ್ನು ಎಷ್ಟು ಸುತ್ತಿದಿರಿ ಎಂದು ಕೇಳಿದರೆ, “ಜಾರೋದು ನಿಲ್ಲೋ ವರೆಗೂ” ಎಂದರು. ಅಳತೆ ಇದ್ದದ್ದು ಆ ನೂಲಿನಲ್ಲಿ ಮಾತ್ರ.

ತೋಚದೆ ಕ್ಯಾಸೆಟ್ಟನ್ನು ಮತ್ತೆ ಹಾಕಿದೆ. ಹಾಡನ್ನು ಬಿಟ್ಟು ಹಿಂದಿನ ಸದ್ದು ಕೇಳಿದೆ. ದಡಕ್, ದಡಕ್.

“ಇದೇನಮ್ಮ?”

“ನಮ್ ಮಗ್ಗನೇ. ಅತ್ತೆ ಹಾಡೋವಾಗ್ಲೂ ಮಾವ ನಿಲ್ಲಿಸ್ತಿರ್ಲಿಲ್ವಂತೆ. ಅದಕ್ಕೆ ಇಬ್ರಿಗೂ ಜಗಳ.”

“ಆ ಮಗ್ಗ ಈಗೆಲ್ಲೈತೆ?”

ಅವಳು ಗೋಡೆಯ ಕಡೆ ಕೈ ತೋರಿಸಿದಳು. ಇದ್ದ ನಾಲ್ಕು ಮಗ್ಗಗಳಲ್ಲಿ ಮೂರನ್ನು ಮಾರಿದ್ದಾರೆ, ಗೋಡೆ ಪಕ್ಕದ್ದೊಂದು ಉಳಿದಿದೆ. ಅದೇ ಮೋಟರು, ಅದೇ ಪುಲ್ಲಿ, ಇಂದಿಗೂ ಸೀರೆ ನೇಯುತ್ತಿದೆ.

ನನ್ನ ಆಯಾಸ ಅರ್ಧ ಇಳಿಯಿತು. ಇಲ್ಲಿ ಸ್ವಲ್ಪ ವಿವರಿಸಬೇಕು. ಮಗ್ಗ ಓಡಿಸುವ ಮೋಟರಿನ ವೇಗ ಕರೆಂಟಿನ ಫ್ರೀಕ್ವೆನ್ಸಿಗೆ ಕಟ್ಟುಬಿದ್ದದ್ದು. ಅಂದೂ ಐವತ್ತು ಹರ್ಟ್ಸ್, ಇಂದೂ ಐವತ್ತು. ಪುಲ್ಲಿ ಬದಲಾಗದಿದ್ದರೆ ಮಗ್ಗದ ಬಡಿತ ಅಂದು ಎಷ್ಟಿತ್ತೋ ಇಂದೂ ಹೆಚ್ಚು ಕಡಿಮೆ ಅಷ್ಟೇ. ಕ್ಯಾಸೆಟ್ಟಿನೊಳಗಿನ ಮಗ್ಗವೂ ಗೋಡೆಯಾಚೆಯ ಮಗ್ಗವೂ ಒಂದೇ ಹೆಜ್ಜೆಯಲ್ಲಿ ನಡೆಯುವಂತೆ ಮಾಡಿದರೆ, ಹಾಡುವವರ ದನಿ ತಾನಾಗಿ ಅದರ ಜಾಗಕ್ಕೆ ಬರಬೇಕು.

ಮಗ್ಗ ಹಾಕಿ ಎಂದೆ. ಕರೆಂಟು ಅದೇ ಹೊತ್ತಿಗೆ ಹೋಯಿತು. ಕೂತೆವು. ಸುಜಾತ ಟೀ ತಂದಳು, ಯಜಮಾನರು ಕ್ಯಾಸೆಟ್ ಅಂಗಡಿಯವರನ್ನು ಬೈದರು, ಅಡುಗೆಮನೆಯಲ್ಲಿ ಪಾತ್ರೆಗಳು ಸ್ವಲ್ಪ ಜೋರಾಗಿಯೇ ಸದ್ದು ಮಾಡಿದವು. ಆ ಹೊತ್ತಿನಲ್ಲಿ ವೆಂಕಟರಾಮಪ್ಪನವರ ಕೈಗೆ ಪುಲ್ಲಿ ಕೊಟ್ಟೆ. ತಿರುಪು ತಿರುಗಿಸಿದರೆ ಸಾಲದೆಂದು ನನಗೆ ಗೊತ್ತಿತ್ತು. ಅಷ್ಟು ದೂರ ಅದು ಹೋಗುವುದಿಲ್ಲ. ದಪ್ಪವನ್ನು ಅವರು ಕೊಡಬೇಕು, ಉಳಿದ ಕೂದಲೆಳೆಯನ್ನು ನಾನು ತಿರುಪಿನಲ್ಲಿ ನೋಡಿಕೊಳ್ಳುತ್ತೇನೆ. ಅವರು ನೂಲಿನ ಎಳೆಯನ್ನು ಗೋಂದಿನಲ್ಲಿ ಎಳೆದು, ಒಂದರ ಪಕ್ಕ ಒಂದು ಕೂರಿಸಿ ಸುತ್ತಿದರು. ಸಾಕು ಎನ್ನಿಸಿದಾಗ ಉಗುರಿನಿಂದ ಒತ್ತಿ ನೋಡಿ ನನ್ನ ಕೈಗೆ ಕೊಟ್ಟರು.

ಕರೆಂಟು ಬಂತು. ಗೋಡೆಯಾಚೆ ಮಗ್ಗ ಎದ್ದಿತು. ಈಚೆ ಕ್ಯಾಸೆಟ್. ಆದರೆ ನಿಜವಾದ ಮಗ್ಗದ ಗದ್ದಲದಲ್ಲಿ ಕ್ಯಾಸೆಟ್ಟಿನ ಮಗ್ಗ ನನ್ನ ಕಿವಿಗೆ ಬೇರೆಯಾಗಿ ಸಿಗಲೇ ಇಲ್ಲ. ಎರಡೂ ಕಲಸಿಕೊಂಡವು. ನಾನು ತಿರುಪು ಹಿಡಿದು ಪರದಾಡುವುದನ್ನು ನೋಡಿ ಯಜಮಾನರು ಪಕ್ಕದಲ್ಲಿ ಬಂದು ಕೂತರು. ಬಲಗೈಯನ್ನು ಸ್ಪೀಕರ್ ಪೆಟ್ಟಿಗೆಯ ಮೇಲೆ ಇಟ್ಟರು, ಎಡಗೈಯನ್ನು ಮಗ್ಗದ ಗೋಡೆಗೆ ಒತ್ತಿದರು, ಕಣ್ಣು ಮುಚ್ಚಿದರು.

“ಜೋರಾಗಿ ಇಡು.” ಇಟ್ಟೆ.

“ಇದು ಹಿಂದೆ ಬೀಳ್ತೈತೆ. ತಿರುಗ್ಸು.” ತಿರುಗಿಸಿದೆ.

“ಇನ್ನೂ. ಇನ್ನೊಂಚೂರು. ಏಯ್, ಓಡ್ಬಿಡ್ತು! ಎಳಿ ಹಿಂದಕ್ಕೆ, ಏನ್ ಗುರು ನೀನು, ಎತ್ತು ಬಿಟ್ಟಂಗೆ ಬಿಡ್ತೀಯಾ!”

ಹಿಂದಕ್ಕೆ ತಂದೆ. ಒಂದು ಗಳಿಗೆ ಅವರ ಎರಡೂ ಕೈ ಅಲ್ಲೇ ಇದ್ದವು. ತಲೆ ಮೆಲ್ಲಗೆ ಅಲ್ಲಾಡತೊಡಗಿತು, ಎರಡಕ್ಕೂ ಒಂದೇ ತಾಳ.

“ಹಾಂ. ಇದು ನಮ್ ಮಗ್ಗ.”

ಅಷ್ಟು ಹೊತ್ತೂ ನಾನು ದನಿಯ ಕಡೆ ಗಮನವನ್ನೇ ಕೊಟ್ಟಿರಲಿಲ್ಲ. ತಿರುಪಿನಿಂದ ಕೈ ತೆಗೆದಾಗ ಕೇಳಿಸಿತು. ಹೆಂಗಸಿನ ದನಿ. ಸಣ್ಣದಲ್ಲ, ಇಂಪೂ ಅಲ್ಲ. ಮಗ್ಗದ ಗದ್ದಲವನ್ನು ಮೀರಿ ಹಾಡಿ ಹಾಡಿ ಗಟ್ಟಿಯಾದ, ಅಂಚಿನಲ್ಲಿ ಸ್ವಲ್ಪ ಒಡಕಿರುವ ದನಿ. ಸುಜಾತ ಬಾಯಿಗೆ ಸೆರಗು ಒತ್ತಿಕೊಂಡಳು. ಹಾಡು ಎರಡು ಸಾಲು ನಡೆಯಿತು. ಆಮೇಲೆ, ಮೊದಲು ಎಮ್ಮೆ ಗೊಣಗಿದಂತೆ ಕೇಳಿದ್ದ ಜಾಗ ಬಂತು. ಹಾಡು ಕಡಿದು, ಅದೇ ದನಿ ಚಾವಟಿಯ ಹಾಗೆ ಎದ್ದಿತು:

“ರೀ, ಆ ಮಗ್ಗ ನಿಲ್ಸ್ರೀ ಅಂದ್ರೆ! ನಾನು ಹಾಡ್ಲೋ ಬೇಡ್ವೋ? ಸೀರೆ ಏನು ಓಡೋಗ್ತದಾ?”

ಅಡುಗೆಮನೆಯ ಪಾತ್ರೆಯ ಸದ್ದು ನಿಂತಿತು. ರತ್ನಮ್ಮ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದರು. ಡೆಕ್ಕನ್ನು ನೋಡಿದರು. ಆಮೇಲೆ ಗಂಡನನ್ನು ನೋಡಿದರು. ಯಜಮಾನರಿಗೆ ಒಂದೂ ಕೇಳಿಸಿರಲಿಲ್ಲ, ಸ್ಪೀಕರಿನ ಮೇಲೆ ಕೈಯಿಟ್ಟು ಹೆಮ್ಮೆಯಿಂದ ನಗುತ್ತಿದ್ದರು.

ಸುಜಾತ ನಗುತ್ತಲೂ ಅಳುತ್ತಲೂ ಅವರ ಕಿವಿಗೆ ಬಾಯಿಟ್ಟು ಕೂಗಿದಳು. “ಮಾವಾ! ಮಗ್ಗ ನಿಲ್ಸಿ ಅಂತ ಬೈತವ್ರೆ!”

“ಯಾರು?”

“ಅತ್ತೆ! ಕ್ಯಾಸೆಟ್ಟಲ್ಲಿ!”

ಯಜಮಾನರು ಬಾಗಿಲ ಕಡೆ ತಿರುಗಿದರು. “ಈಗ್ಲೂ ನಿಲ್ಸ್ಬೇಕಾ?”

ರತ್ನಮ್ಮ ಸೌಟಿನಿಂದ ಬಾಗಿಲ ಚೌಕಟ್ಟಿಗೆ ಎರಡು ಸಲ ಕುಟ್ಟಿದರು. ವೆಂಕಟರಾಮಪ್ಪ ಮೊಣಕಾಲಿಗೆ ಕೈಯೂರಿ ಎದ್ದು ಶೆಡ್ಡಿಗೆ ಹೋಗಿ ಸ್ವಿಚ್ ಆರಿಸಿದರು. ಗೋಡೆಯಾಚೆಯ ಮಗ್ಗ ನಿಂತಿತು. ಕ್ಯಾಸೆಟ್ಟಿನ ಮಗ್ಗ ನಿಲ್ಲಲಿಲ್ಲ, ಅದರ ಮೇಲೆ ಹಾಡು ಮುಂದುವರಿಯಿತು.

ಅಂದು ಅಲ್ಲಿಂದ ಬೇಗ ಏಳಲಾಗಲಿಲ್ಲ. ಡೆಕ್ಕಿನಿಂದ ಸುಜಾತಳ ಫೋನಿಗೆ ವೈರು ಎಳೆದು ಕ್ಯಾಸೆಟ್ಟಿನ ಎರಡೂ ಮಗ್ಗುಲಿನ ಹಾಡು ಇಳಿಸಿಕೊಟ್ಟೆ. ರತ್ನಮ್ಮ ಚಾಪೆಯ ಮೇಲೆ ಸೊಸೆಯನ್ನು ಎದುರಿಗೆ ಕೂರಿಸಿಕೊಂಡರು. ಕ್ಯಾಸೆಟ್ಟಿನ ಜೊತೆ ಅವಳು ಹಾಡಬೇಕು. ತಪ್ಪಿದರೆ ತೊಡೆಯ ಮೇಲೆ ಒಂದು ಏಟು. ಒಂದು ಕಡೆ ಅವಳು ಸರಿಯಾಗಿಯೇ ಹಾಡಿದಳು, ಕ್ಯಾಸೆಟ್ಟಿನಲ್ಲಿದ್ದಂತೆಯೇ. ಆದರೂ ಏಟು ಬಿತ್ತು.

“ಇದ್ರಲ್ಲಿ ಹಂಗೇ ಐತಲ್ಲತ್ತೆ!”

ರತ್ನಮ್ಮ ಕ್ಯಾಸೆಟ್ ಕಡೆ ಬೆರಳು ತೋರಿಸಿ, ಮುಖ ಕಿವುಚಿ, ಕೈ ಬೀಸಿದರು. ಅದು ತಪ್ಪು ಹಾಡಿದೆ ಎಂದು. ಬೆರಳಲ್ಲಿ ತಾಳ ಹಾಕಿ, ತುಟಿ ಆಡಿಸಿ, ಸರಿಯಾದ ಸಾಲು ಬಾಯಿಗೆ ಬರುವವರೆಗೂ ಸೊಸೆಯನ್ನು ಬಿಡಲಿಲ್ಲ.

ಮದುವೆಗೆ ನನ್ನನ್ನೂ ಕರೆದಿದ್ದರು, ಹೋಗಿದ್ದೆ. ಸುಜಾತ ಹಾಡಿದಳು. ಬೀಗರ ಹಾಡಿಗೆ ಬೀಗರು ಮುಖ ಊದಿಸಿಕೊಂಡರು. ಹಾಡು ಸರಿಯಾಗಿದೆ ಎಂಬುದಕ್ಕೆ ಅದಕ್ಕಿಂತ ಹೆಚ್ಚಿನ ಪ್ರಮಾಣ ಬೇಡ. ರತ್ನಮ್ಮ ಹಿಂದೆ ಕೂತು ಸೊಸೆಯ ಬೆನ್ನಿಗೆ ಬೆರಳಿನಿಂದ ತಾಳ ಹಾಕುತ್ತಿದ್ದರು.

ಆ ಡೆಕ್ಕನ್ನು ನಾನು ಹಾಗೆಯೇ ಬಿಟ್ಟಿದ್ದೇನೆ, ನೂಲು ಸುತ್ತಿಕೊಂಡು. ಕಾನೂನಿನ ಪ್ರಕಾರ ಅದು ತಪ್ಪು ವೇಗದಲ್ಲಿ ಓಡುತ್ತಿದೆ. ನನ್ನ ಕಸುಬಿನ ಯಾರಾದರೂ ಮುಂದೊಂದು ದಿನ ಅದನ್ನು ಬಿಚ್ಚಿ, ಈ ಕೆಲಸ ಮಾಡಿದ ಬೇಕೂಫ ಯಾರೋ ಎಂದು ಬೈಯುತ್ತಾನೆ. ಬೈಯಲಿ.

ಈ ಕಸುಬಿನಲ್ಲಿ ಇರುವವರಿಗೆ, ಇನ್ನು ಮುಂದೆ ಬರುವವರಿಗೆ, ಒಂದು ಮಾತು. ಹಳೆಯ ಯಂತ್ರ ಮೇಜಿಗೆ ಬಂದಾಗ ಏನು ಕೆಟ್ಟಿದೆ ಎಂದು ಕೇಳುವ ಮೊದಲು, ಅದು ಕೆಟ್ಟಾಗಲೆಲ್ಲ ಮನೆಯವರು ಏನು ಮಾಡುತ್ತಿದ್ದರು ಎಂದು ಕೇಳಿ. ಡ್ರೈವರ್ ಮನೆಯವರು ವೈರು ಸುತ್ತಿರುತ್ತಾರೆ, ಬಡಗಿ ಮನೆಯವರು ಮರದ ಚಕ್ಕೆ ತುರುಕಿರುತ್ತಾರೆ, ನೇಕಾರರು ನೂಲು ಸುತ್ತಿರುತ್ತಾರೆ. ಕಸವೆಂದು ಕಂಡದ್ದು ಅವರ ಸಂಸಾರದ ಲೆಕ್ಕಾಚಾರವಾಗಿರಬಹುದು. ಯಂತ್ರ ಸರಿಯಿದೆ ಎಂದು ಅಳತೆಯ ಕ್ಯಾಸೆಟ್ ಹೇಳೀತು. ಕೆಲಸ ಮುಗಿಯಿತು ಎಂದು ಹೇಳುವವರು ಬೇರೆ. ಅವರು ಹೇಳುವವರೆಗೆ ಕೆರೆದದ್ದನ್ನು ಬುಟ್ಟಿಗೆ ಹಾಕಬೇಡಿ.